ಆಮ್‌ಸ್ಟೆಲ್‌ವೀನ್‌ನ ಆ ಕ್ಯಾಪ್ಟನ್

ಬೆಳಗಾವಿ ಜಿಲ್ಲೆಯ ನಮ್ಮ ಹತ್ತರಗಿ ಸೀಮೆಯಲ್ಲಿ ಆಟ ಅಂದ ಕೂಡಲೇ ಜನರ ಕಣ್ಣು ಹೋಗೋದು ಕುಸ್ತಿ ಕಣದ ಕಡೆ. ಜಾತ್ರೆಗೆ ನಿಕಾಲಿ ಕುಸ್ತಿ ಇರಲೇಬೇಕು. ಅದು ಬಿಟ್ಟರೆ ಕಬಡ್ಡಿ, ಖೋಖೋ, ಈಚೆಗೆ ಎಲ್ಲ ಕಡೆಯ ಹಾಗೆ ಕ್ರಿಕೆಟ್. ಇಂಥ ಊರಿನಲ್ಲಿ ಹುಟ್ಟಿ ನಾನು ಮನಸ್ಸು ಕೊಟ್ಟದ್ದು ಮಾತ್ರ ಹಾಕಿಗೆ. ಅದರಲ್ಲೂ ಒಬ್ಬ ಕ್ಯಾಪ್ಟನ್‌ಗೆ. ಅವರು ಕೊಡಗಿನ ಮೊಳ್ಳೆರ ಪೂವಯ್ಯ ಗಣೇಶ್. ಎಂ.ಪಿ. ಗಣೇಶ್ ಅಂದರೆ ಹಳಬರಿಗೆ ಗೊತ್ತಾಗ್ತದೆ. ಹೊಸಬರಿಗೂ ಗೊತ್ತಾಗಲಿ ಅಂತಲೇ ಇವತ್ತಿನ ಈ ಮಾತು.

ಮೊದಲು ಸ್ವಲ್ಪ ಹಿಂದಿನ ಕಥೆ. 1928ರಿಂದ 1956ರವರೆಗೆ ಒಲಿಂಪಿಕ್ಸ್ ಹಾಕಿಯ ಆರು ಚಿನ್ನ ಸಾಲಾಗಿ ಭಾರತಕ್ಕೇ ಬಂದವು. 1960ರಲ್ಲಿ ರೋಮ್‌ನಲ್ಲಿ ಪಾಕಿಸ್ತಾನ ಒಂದೇ ಗೋಲಿನಿಂದ ಆ ಸಾಲು ಮುರಿಯಿತು. 1964ರಲ್ಲಿ ಟೋಕಿಯೋದಲ್ಲಿ ಭಾರತ ಮತ್ತೆ ಗೆದ್ದಿತು. ಆ ಚಿನ್ನದ ತಂಡದಲ್ಲಿ ನಮ್ಮ ಬೆಳಗಾವಿಯ ಬಂಡು ಪಾಟೀಲರು ಇದ್ದರು ನೋಡ್ರಿ! ಹಾಕಿ ನಮ್ಮ ಜಿಲ್ಲೆಯ ಆಟ ಅಲ್ಲ ಅಂತ ಯಾರಾದರೂ ಅಂದರೆ, ಈ ಒಂದು ಹೆಸರು ಹೇಳಿ ಸಾಕು. ಅದಾದ ಮೇಲೆ 1968ರಲ್ಲಿ ಕಂಚು, 1972ರಲ್ಲಿ ಮತ್ತೆ ಕಂಚು. ಚಿನ್ನ ನಮ್ಮದೇ ಅಂತ ಬೆಳೆದಿದ್ದ ದೇಶಕ್ಕೆ ಈ ಕಂಚು ಸೋಲಿನ ಹಾಗೇ ಕಂಡಿತು. ಗಣೇಶ್ ಆಡಿದ್ದು ಅಂಥ ಕಾಲದಲ್ಲಿ.

ಅವರು ಹುಟ್ಟಿದ್ದು 1946ರಲ್ಲಿ. ಕೊಡಗಿನಲ್ಲಿ ಹಾಕಿ ಅಂದರೆ ಮನೆಮನೆಯ ಆಟ. ಅಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ಮೊದಲ ವರ್ಷವೇ 60 ಕುಟುಂಬಗಳು ಬಂದವು. 2024ರ ಹೊತ್ತಿಗೆ ಅದು 360 ಮುಟ್ಟಿಬಿಟ್ಟಿತು. ಒಂದೇ ಮನೆತನದ ಅಜ್ಜ, ಮಗ, ಮೊಮ್ಮಗ, ಸೊಸೆ ಒಂದು ತಂಡವಾಗಿ ಇಳಿಯುವ ಹಬ್ಬ ಅದು. ಅಂಥ ನೆಲದ ಹುಡುಗ ಗಣೇಶ್ ಮೊದಲು ಏನು ಆಡಿದರು ಗೊತ್ತೇನು? ಫುಟ್‌ಬಾಲ್! ಹದಿಹರೆಯದಲ್ಲಿ ಅವರು ಕೊಡಗು ಜಿಲ್ಲೆಗೆ ಆಡಿದ್ದು ಫುಟ್‌ಬಾಲ್. ಹಾಕಿಯನ್ನು ಅವರು ತಮ್ಮದು ಮಾಡಿಕೊಂಡದ್ದು ಸೈನ್ಯಕ್ಕೆ ಸೇರಿದ ಮೇಲೆ. 1966ರಿಂದ ಸರ್ವಿಸಸ್ ತಂಡದಲ್ಲಿ ಆಡಿದರು. 1970ರಲ್ಲಿ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನ ಬೆಳ್ಳಿ, 1971ರಲ್ಲಿ ಬಾರ್ಸಿಲೋನಾದ ಮೊಟ್ಟಮೊದಲ ವಿಶ್ವಕಪ್‌ನ ಕಂಚು, 1972ರಲ್ಲಿ ಮ್ಯೂನಿಕ್ ಒಲಿಂಪಿಕ್ಸ್‌ನ ಕಂಚು. ಇಷ್ಟು ಬೇಗ ಇಷ್ಟು ದೂರ! ಈ ಭಾಗ ನಾನು ಎಷ್ಟು ಸಲ ಓದಿದರೂ ನನಗೆ ಬೆರಗು ಕಡಿಮೆ ಆಗಿಲ್ಲ.

ಈಗ 1973ಕ್ಕೆ ಬರ್ತೀನಿ. ನನ್ನ ಇಡೀ ಅಭಿಮಾನ ನಿಂತಿರೋದು ಈ ಒಂದು ಮ್ಯಾಚಿನ ಮೇಲೆ.

ಎರಡನೇ ವಿಶ್ವಕಪ್ ನಡೆದದ್ದು ನೆದರ್‌ಲ್ಯಾಂಡ್ಸ್ ದೇಶದ ಆಮ್‌ಸ್ಟೆಲ್‌ವೀನ್‌ನಲ್ಲಿ. ಭಾರತದ ಕ್ಯಾಪ್ಟನ್ ಗಣೇಶ್. ಸೆಮಿಫೈನಲ್‌ನಲ್ಲಿ ಎದುರು ಬಂದದ್ದು ಪಾಕಿಸ್ತಾನ. ಹಿಂದಿನ ವರ್ಷ ಮ್ಯೂನಿಕ್‌ನ ಸೆಮಿಫೈನಲ್‌ನಲ್ಲಿ ನಮ್ಮನ್ನು ಹೊರಗೆ ಹಾಕಿದ್ದ ಅದೇ ಪಾಕಿಸ್ತಾನ. ಈ ಸಲ ಒಂದು ಗೋಲಿನಿಂದ ಗೆದ್ದೆವು. ಸೆಪ್ಟೆಂಬರ್ 2ಕ್ಕೆ ಫೈನಲ್, ಆತಿಥೇಯರ ಮೇಲೆ, ಅವರದೇ ಜನರ ನಡುವೆ. ಆಟ ಶುರುವಾಗಿ ಜನ ನೆಟ್ಟಗೆ ಕೂತುಕೊಳ್ಳುವುದರೊಳಗೆ ಸುರ್ಜಿತ್ ಸಿಂಗ್ ಎರಡು ಗೋಲು ಹೊಡೆದಾಗಿತ್ತು. ಎರಡು–ಸೊನ್ನೆ! ವಿಶ್ವಕಪ್ ಕೈಯಳತೆಯಲ್ಲಿತ್ತು.

ಡಚ್ಚರು ಬಿಡಲಿಲ್ಲ. ಒಂದು ಗೋಲು ತೀರಿಸಿದರು, ಆಮೇಲೆ ಇನ್ನೊಂದು. ಎರಡು–ಎರಡು. ಹೆಚ್ಚುವರಿ ಸಮಯಕ್ಕೆ ಹೋಯಿತು. ಮೊದಲು ಗೋಲು ಹೊಡೆದವರೇ ಗೆದ್ದಂತೆ. ಆಗ ಭಾರತಕ್ಕೆ ಒಂದು ಪೆನಾಲ್ಟಿ ಸ್ಟ್ರೋಕ್ ಸಿಕ್ಕಿತು. ಕೆಲವೇ ಗಜದ ದೂರ, ಎದುರಿಗೆ ಗೋಲ್‌ಕೀಪರ್ ಒಬ್ಬನೇ. ಹೊಡೆಯಲು ನಿಂತವರು ಇನ್ನೊಬ್ಬ ಕೊಡಗಿನ ವೀರ ಬಿ.ಪಿ. ಗೋವಿಂದ. ಅದು ಗೋಲಾಗಲಿಲ್ಲ. ಕೊನೆಗೆ ಪೆನಾಲ್ಟಿ ಸ್ಟ್ರೋಕ್‌ಗಳಲ್ಲೇ ತೀರ್ಮಾನ ಆಯಿತು: ನಾಲ್ಕು–ಎರಡು, ನೆದರ್‌ಲ್ಯಾಂಡ್ಸ್‌ಗೆ ಕಪ್, ನಮಗೆ ಬೆಳ್ಳಿ.

ಗೋವಿಂದ ಅವರನ್ನು ಆ ಒಂದು ಹೊಡೆತದಿಂದ ಅಳೆಯೋದು ದೊಡ್ಡ ಅನ್ಯಾಯ. ಆ ಕಾಲದ ಶ್ರೇಷ್ಠ ಫಾರ್ವರ್ಡ್‌ಗಳಲ್ಲಿ ಅವರೊಬ್ಬರು. ಎರಡು ವರ್ಷದ ಮೇಲೆ, 1975ರಲ್ಲಿ, ಕೌಲಾಲಂಪುರದಲ್ಲಿ ಭಾರತ ವಿಶ್ವಕಪ್ ಗೆದ್ದಿತು. ಆಗ ಕ್ಯಾಪ್ಟನ್ ಅಜಿತ್‌ಪಾಲ್ ಸಿಂಗ್. ಫೈನಲ್‌ನಲ್ಲಿ ಗೆಲುವಿನ ಗೋಲು ಧ್ಯಾನ್‌ಚಂದ್ ಮಗ ಅಶೋಕ್ ಕುಮಾರ್ ಅವರದು. ದೇಶ ಅವರನ್ನು ಹೆಗಲ ಮೇಲೆ ಹೊತ್ತಿತು, ಹೊರಬೇಕಾದದ್ದೇ. ಆದರೆ ಆ ಹಬ್ಬದಲ್ಲಿ ಗಣೇಶ್ ಹೆಸರು ಹಿಂದೆ ಸರಿದುಹೋಯಿತು. ಭಾರತ ಆಡಿದ ಮೊದಲ ವಿಶ್ವಕಪ್ ಫೈನಲ್‌ಗೆ ತಂಡ ಕರೆದುಕೊಂಡು ಹೋದ ಕ್ಯಾಪ್ಟನ್ ಅವರು. ಈ ಮಾತು ಎಷ್ಟು ಮಂದಿಗೆ ನೆನಪಿದೆ? ನನಗೆ ಇದೇ ದೊಡ್ಡ ವ್ಯಥೆ.

ಸ್ಟಿಕ್ ಕೆಳಗಿಟ್ಟ ಮೇಲೂ ಅವರು ಮೈದಾನ ಬಿಡಲಿಲ್ಲ. 1988ರ ಸೋಲ್ ಒಲಿಂಪಿಕ್ಸ್‌ಗೆ ಭಾರತದ ಕೋಚ್ ಆದರು. ಆ ತಂಡದ ಕ್ಯಾಪ್ಟನ್ ಎಂ.ಎಂ. ಸೋಮಯ್ಯ, ಅವರೂ ಕೊಡಗಿನವರೇ, 1980ರ ಮಾಸ್ಕೋ ಚಿನ್ನದ ತಂಡದಲ್ಲಿದ್ದವರು. ಕೋಚ್ ಕನ್ನಡ ನಾಡಿನವರು, ಕ್ಯಾಪ್ಟನ್ ಕನ್ನಡ ನಾಡಿನವರು! ಹುಲ್ಲಿನ ಮೈದಾನ ಹೋಗಿ ಕೃತಕ ಹಾಸು ಬಂದು ಆಟವೇ ಬದಲಾಗಿದ್ದ ಕಾಲ ಅದು. ಸೋಲ್‌ನಲ್ಲಿ ಆರನೆಯ ಸ್ಥಾನ ಬಂತು. ಅಂಥ ಕಷ್ಟದ ಹೊತ್ತಿನಲ್ಲಿ ತಂಡದ ಹೊಣೆ ಹೊರೋದು ಎಲ್ಲರಿಂದ ಆಗೋ ಕೆಲಸ ಅಲ್ಲ.

ಮಂಜುಗಡ್ಡೆಯ ಮೇಲೆ ಹಾಕಿ ಆಡುವ ದೇಶಗಳಲ್ಲಿ ದೊಡ್ಡ ಆಟಗಾರರನ್ನು ಗೌರವಿಸುವ ಒಂದು ಪದ್ಧತಿ ಇದೆ. ಅಮೆರಿಕದ ಡೆಟ್ರಾಯಿಟ್ ತಂಡಕ್ಕೆ ಸ್ಟೀವ್ ಐಜರ್‌ಮನ್ ಅಂತ ಒಬ್ಬ ಕ್ಯಾಪ್ಟನ್ ಇದ್ದರು. 1986ರಿಂದ 2006ರವರೆಗೆ ಅವರೇ ನಾಯಕ. ನಿವೃತ್ತರಾದ ಮರುವರ್ಷ ಅವರ 19ನೇ ನಂಬರನ್ನು ಕ್ರೀಡಾಂಗಣದ ಸೂರಿಗೆ ಏರಿಸಿದರು. ಆ ತಂಡದಲ್ಲಿ ಇನ್ನು ಯಾರೂ ಆ ನಂಬರ್ ತೊಡುವಂತಿಲ್ಲ. ಇನ್ನು ನಮ್ಮಲ್ಲಿ ನೋಡ್ರಿ: ಗಣೇಶ್ ಅವರಿಗೆ 1973ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಪದ್ಮಶ್ರೀ ಬಂದದ್ದು 2020ರಲ್ಲಿ. ನಡುವೆ 47 ವರ್ಷ! ಬಂತಲ್ಲ ಅಂತ ಸಂತೋಷ ಪಟ್ಟೆ, ಆದರೆ ಇಷ್ಟು ತಡವಾಯಿತಲ್ಲ ಅಂತ ಸಂಕಟವೂ ಆಯಿತು. ಡೆಟ್ರಾಯಿಟ್‌ನವರಿಗೆ ಒಂದೇ ವರ್ಷ ಸಾಕಾಯಿತು. ನಾವು ಅಷ್ಟು ವರ್ಷ ಯಾಕೆ ತಗೊಂಡೆವು?

ಕೊನೆಯದಾಗಿ ನಮ್ಮ ಕಡೆಯ ಹುಡುಗರಿಗೆ ಒಂದು ಮಾತು. ಹತ್ತರಗಿ, ಯಮಕನಮರಡಿ, ಸಂಕೇಶ್ವರ, ಗೋಕಾಕ, ಮೂಡಲಗಿ, ಈ ಊರುಗಳಿಂದ ಸೈನ್ಯದ ಭರ್ತಿಗೆ ಬೆಳಗಿನ ಜಾವ ಎದ್ದು ಓಡೋ ಹುಡುಗರು ಬೇಕಾದಷ್ಟಿದ್ದಾರೆ. ಭರ್ತಿಯಾದ ಮೇಲೆ ಪಲ್ಟನ್‌ನಲ್ಲಿ ಯಾವುದಾದರೂ ಆಟಕ್ಕೆ ಕರೆದರೆ, ನನಗೆ ಇದು ಬರಲ್ಲ, ವಯಸ್ಸು ಮೀರಿತು ಅಂತ ಹಿಂದೆ ಸರಿಯಬೇಡ್ರಿ. ಫುಟ್‌ಬಾಲ್ ಆಡ್ತಿದ್ದ ಒಬ್ಬ ಸೈನಿಕ ಅದೇ ವಯಸ್ಸಿನಲ್ಲಿ ಹಾಕಿಗೆ ತಿರುಗಿ, ಏಳೇ ವರ್ಷದಲ್ಲಿ ಭಾರತವನ್ನು ವಿಶ್ವಕಪ್ ಫೈನಲ್‌ಗೆ ಕರೆದುಕೊಂಡು ಹೋದರು. ಅವರ ಹೆಸರು ಎಂ.ಪಿ. ಗಣೇಶ್. ಇದನ್ನು ನೆನಪಿಟ್ಟುಕೊಂಡು ಹೂಂ ಅನ್ರಿ.