ವೆಜೆರ್ ಕಣಿವೆಯ ಹಾದಿಗಳು

ಪ್ರವಾಸವೆಂಬುದು ನಮ್ಮವರಿಗೆ ಹೊಸದಲ್ಲ. ಕಾಶಿ ರಾಮೇಶ್ವರಗಳ ದಾರಿಯನ್ನು ಕಾಲಿನಿಂದಲೇ ಅಳೆದ ಹಿರಿಯರ ಸಂತತಿ ನಮ್ಮದು. ಆ ಯಾತ್ರೆಗಳಲ್ಲಿ ಕ್ಷೇತ್ರವೇ ಗುರಿ. ದಾರಿಯು ಅದಕ್ಕೆ ಸಾಧನ. ದಾರಿಯೇ ಕ್ಷೇತ್ರವಾಗುವ ಸ್ಥಳಗಳೂ ಲೋಕದಲ್ಲಿ ಉಂಟು. ಒಂದು ಸಣ್ಣ ಹಳ್ಳಿಯಿಂದ ಹೊರಟು, ನಾಲ್ಕಾರು ಮೈಲಿ ನಡೆಯುವುದರಲ್ಲಿ ಮೂವತ್ತು ಸಾವಿರ ವರ್ಷಗಳ ಮಾನವಚರಿತ್ರೆಯನ್ನು ದಾಟಿಬರಬಹುದಾದ ಅಂತಹ ಒಂದೆಡೆಯನ್ನು ಕುರಿತು ಈ ಹೊತ್ತು ಶ್ರೋತೃಗಳಲ್ಲಿ ಕೆಲವು ಮಾತುಗಳನ್ನು ಅರಿಕೆಮಾಡಬೇಕೆಂದಿದ್ದೇವೆ.

ಫ್ರಾನ್ಸ್ ದೇಶದ ನೈಋತ್ಯ ಭಾಗದಲ್ಲಿ ಪೆರಿಗೋರ್ ಎಂಬ ಪ್ರಾಂತ್ಯವಿದೆ. ಈಗಿನ ಆಡಳಿತದಲ್ಲಿ ಅದಕ್ಕೆ ದೋರ್ದೋನ್ಯ ಜಿಲ್ಲೆಯೆಂದು ಹೆಸರು. ಅಲ್ಲಿ ವೆಜೆರ್ ಎಂಬ ನದಿಯು ಸುಣ್ಣಕಲ್ಲಿನ ಗುಡ್ಡಗಳನ್ನು ಕೊರೆದುಕೊಂಡು, ಬಳಸಿ ಬಳಸಿ ಹರಿದು, ಕೊನೆಗೆ ದೋರ್ದೋನ್ಯ ನದಿಯನ್ನು ಕೂಡುತ್ತದೆ. ಬ್ಯೂನ್ ಎಂಬ ಹಳ್ಳವು ಬಂದು ವೆಜೆರಿಗೆ ಸೇರುವ ಕಡೆ ಲೆಜೇಜಿ ಎಂಬ ಗ್ರಾಮವಿದೆ. ಊರಿನ ಬೆನ್ನಿಗೆ ಎತ್ತರವಾದ ಬಂಡೆಯ ಗೋಡೆ. ಅದರ ಮೇಲ್ಭಾಗವು ಮನೆಯ ಸೂರಿನಂತೆ ಮುಂದಕ್ಕೆ ಚಾಚಿದೆ. ಆ ಸೂರಿನ ಕೆಳಗೆ ಒಂದೇ ಸಾಲಾಗಿ ಮನೆಗಳು. ಕೆಲವು ಮನೆಗಳಿಗೆ ಹಿಂದಿನ ಗೋಡೆಯನ್ನು ಕಟ್ಟುವ ಶ್ರಮವೇ ಇಲ್ಲ, ಬಂಡೆಯೇ ಗೋಡೆ.

ಈ ಸೂರುಗಳು ಹೇಗಾದುವೆಂಬುದನ್ನು ತಿಳಿದರೆ ಮಿಕ್ಕ ಕಥೆ ಸುಲಭವಾಗುವುದು. ಸುಣ್ಣಕಲ್ಲಿನ ಪದರಗಳೆಲ್ಲ ಒಂದೇ ಗಟ್ಟಿಯಲ್ಲ. ಮೆತ್ತನೆಯ ಪದರದೊಳಕ್ಕೆ ನೀರು ಇಳಿದು ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಗ್ಗಿದಾಗ ಕಲ್ಲು ಹುಡಿಯಾಗಿ ಉದುರುತ್ತದೆ. ಮೇಲಿನ ಗಟ್ಟಿಪದರ ಹಾಗೆಯೇ ಉಳಿಯುತ್ತದೆ. ಹೀಗೆ ಯಾರೂ ಕಟ್ಟದ ಮಾಡವೊಂದು ಸಿದ್ಧವಾಯಿತು. ಮುಂದೆ ನೀರು, ದಕ್ಷಿಣಕ್ಕೆ ತೆರೆದ ಕಡೆ ಬಿಸಿಲು, ಬಂಡೆಯಲ್ಲಿಯೇ ಆಯುಧಕ್ಕೆ ಬೇಕಾದ ಚಕಮಕಿ ಕಲ್ಲು, ಕಣಿವೆಯಲ್ಲಿ ಹಿಮಸಾರಂಗಗಳ ಹಿಂಡು. ಹಿಮಯುಗದ ಬೇಟೆಗಾರನಿಗೆ ಇದಕ್ಕಿಂತ ಬೇರೆ ಸೌಕರ್ಯವೇನು ಬೇಕು?

೧೮೬೩ರಲ್ಲಿ ಈ ಕಣಿವೆಗೆ ರೈಲು ಬಂದಿತು. ಅದೇ ವರ್ಷ ಎದುವಾರ್ ಲಾರ್ತೆ ಎಂಬ ಫ್ರೆಂಚ್ ವಿದ್ವಾಂಸನೂ ಹೆನ್ರಿ ಕ್ರಿಸ್ಟಿ ಎಂಬ ಆಂಗ್ಲ ಸಿರಿವಂತನೂ ಜೊತೆಗೂಡಿ ಇಲ್ಲಿಯ ಬಂಡೆಯಾಸರೆಗಳ ನೆಲವನ್ನು ಅಗೆಯತೊಡಗಿದರು. ೧೮೬೪ರಲ್ಲಿ ಲಾ ಮದ್ಲೆನ್ ಎಂಬಲ್ಲಿ ದಂತದ ತುಂಡೊಂದು ದೊರೆಯಿತು. ಅದರ ಮೇಲೆ ರೋಮಭರಿತವಾದ ಮಹಾಗಜದ ಚಿತ್ರವನ್ನು ಕೊರೆದಿದ್ದಿತು. ಆ ಪ್ರಾಣಿಯ ಕುಲವು ಅಳಿದು ಸಾವಿರಾರು ವರ್ಷಗಳಾಗಿವೆ. ಅದನ್ನು ಕಣ್ಣಾರೆ ಕಂಡವನಲ್ಲದೆ ಹಾಗೆ ಬರೆಯುವವರಾರು? ಮನುಷ್ಯನೂ ಆ ಗಜವೂ ಒಂದೇ ಕಾಲದಲ್ಲಿ ಬದುಕಿದ್ದರೆಂಬುದಕ್ಕೆ ಅದು ಪ್ರಬಲವಾದ ಸಾಕ್ಷಿಯಾಯಿತು. ೧೮೬೮ರಲ್ಲಿ ಊರಿನ ಅಂಚಿನಲ್ಲಿಯೇ ದಾರಿಗಾಗಿ ಮಣ್ಣು ತೆಗೆಯುತ್ತಿದ್ದಾಗ ಪ್ರಾಚೀನರ ಅಸ್ಥಿಗಳು ಹೊರಬಿದ್ದುವು. ಆ ತಾಣದ ಹೆಸರು ಕ್ರೋಮಾನ್ಯೋಂ. ‘ಕ್ರೋ’ ಎಂದರೆ ಆ ಸೀಮೆಯ ಮಾತಿನಲ್ಲಿ ಪೊಟರೆ. ಹಳ್ಳಿಗರ ಈ ಪೊಟರೆಯ ಹೆಸರನ್ನೇ ಲೋಕದ ಗ್ರಂಥಗಳು ಒಂದು ಮಾನವವರ್ಗಕ್ಕೆ ಇಟ್ಟುವು.

ಹಳ್ಳಿಯನ್ನು ನೋಡಲು ಒಂದು ದಿನವಾದರೂ ಬೇಕು. ಬಂಡೆಯ ನಡುವಿನ ಹಳೆಯ ಕೋಟೆಯನ್ನು ಫ್ರೆಂಚ್ ಸರ್ಕಾರವು ೧೯೧೩ರಲ್ಲಿ ಕೊಂಡು ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿತು. ಅದರ ಪಕ್ಕದಲ್ಲಿ ಹೊಸ ಕಟ್ಟಡವು ೨೦೦೪ರಲ್ಲಿ ತೆರೆಯಿತು. ಅಲ್ಲಿರುವ ಸಾರಂಗದ ಕೊಂಬಿನ ಒಂದು ಚೂರನ್ನು ನೋಡದೆ ಬರಬಾರದು. ತಲೆಯನ್ನು ಹಿಂದಕ್ಕೆ ತಿರುಗಿಸಿ ತನ್ನ ಪಕ್ಕೆಯನ್ನು ತಾನೇ ನೆಕ್ಕಿಕೊಳ್ಳುವ ಕಾಡುಕೋಣ. ಉದ್ದ ಕೇವಲ ನಾಲ್ಕು ಅಂಗುಲ. ನಮ್ಮ ಕೊಟ್ಟಿಗೆಗಳಲ್ಲಿ ದಿನವೂ ಕಾಣುವ ಭಂಗಿಯೇ ಅದು. ಹತ್ತು ಸಾವಿರಕ್ಕೂ ಹೆಚ್ಚು ವರ್ಷಗಳ ಅಂತರವು ಆ ಒಂದು ನೋಟದಲ್ಲಿ ಕರಗಿಹೋಗುತ್ತದೆ.

ಮರುದಿನ ಬ್ಯೂನ್ ಹಳ್ಳದ ಗುಂಟ ಪೂರ್ವಕ್ಕೆ ನಡೆಯಬೇಕು. ದೂರದ ಕಾಲ್ದಾರಿಗಳಿಗೆ ಫ್ರಾನ್ಸಿನಲ್ಲಿ ಸಂಖ್ಯೆಗಳುಂಟು. ಆರನೆಯದೂ ಮೂವತ್ತಾರನೆಯದೂ ಈ ಊರನ್ನು ಹಾಯುತ್ತವೆ. ಮರದ ಕಾಂಡದ ಮೇಲೋ ಕಲ್ಲಿನ ಮೇಲೋ ಬಿಳಿಯದೊಂದು ಕೆಂಪಿನದೊಂದು ಪಟ್ಟೆ ಬಳಿದಿದ್ದರೆ ದಾರಿ ಸರಿಯಾಗಿದೆಯೆಂದು ಅರ್ಥ. ಅವೇ ಬಣ್ಣಗಳು ಅಡ್ಡಗೆರೆಗಳಾಗಿ ಒಂದನ್ನೊಂದು ಕತ್ತರಿಸಿದ್ದರೆ ತಪ್ಪುದಾರಿಯೆಂದು ಎಚ್ಚರಿಕೆ. ಊರ ಸುತ್ತಿನ ಸಣ್ಣ ಹಾದಿಗಳಿಗೆ ಹಳದಿಯ ಗುರುತು. ಭಾಷೆಯರಿಯದ ಪರದೇಶಿಯೂ ಈ ಮೂರು ಬಣ್ಣಗಳನ್ನು ನಂಬಿ ಕಾಡಿನಲ್ಲಿ ನಿರ್ಭಯವಾಗಿ ನಡೆಯಬಹುದು. ಇಕ್ಕೆಲದಲ್ಲಿಯೂ ಓಕ್ ಮತ್ತು ಚೆಸ್ಟ್‌ನಟ್ ಮರಗಳು. ಬಯಲಿನಲ್ಲಿ ಆಕ್ರೋಟದ ತೋಪುಗಳು. ಮಳೆಯಾದ ಮೇಲೆ ಸುಣ್ಣಕಲ್ಲು ಜಾರುವುದರಿಂದ ಗಟ್ಟಿಯಾದ ಪಾದರಕ್ಷೆ ಅವಶ್ಯಕ.

ಮೊದಲ ಮೈಲಿಯೊಳಗೇ ಫೋಂ ದ ಗೋಮ್ ಗವಿಯ ಏರುದಾರಿ ಸಿಕ್ಕುತ್ತದೆ. ಅಲ್ಲಿಂದ ಒಂದೆರಡು ಮೈಲಿಗೆ ಕೊಂಬಾರೆಲ್ ಗವಿ. ೧೯೦೧ರ ಸೆಪ್ಟೆಂಬರ್ ೮ರಂದು ಕೊಂಬಾರೆಲಿನ ಕೆತ್ತನೆಗಳನ್ನೂ, ೧೨ರಂದು ಫೋಂ ದ ಗೋಮಿನ ವರ್ಣಚಿತ್ರಗಳನ್ನೂ ವಿದ್ವಾಂಸರು ಗುರುತಿಸಿದರು. ಆ ಸಂಶೋಧನೆಯಲ್ಲಿ ಮುಂದಾಳಾಗಿದ್ದ ದೆನಿ ಪೇರೋನಿಯು ಹಳ್ಳಿಯ ಪ್ರಾಥಮಿಕ ಶಾಲೆಯ ಉಪಾಧ್ಯಾಯ! ಅದಕ್ಕೆ ಮೊದಲು ಸ್ಪೇನ್ ದೇಶದ ಅಲ್ತಮೀರ ಗವಿಯಲ್ಲಿ ಇಂತಹ ಚಿತ್ರಗಳು ದೊರೆತಿದ್ದರೂ, ಕಾಡುಮನುಷ್ಯನಿಗೆ ಈ ಕೌಶಲವೆಲ್ಲಿಯದೆಂದು ದೊಡ್ಡ ಪಂಡಿತರು ಅವುಗಳನ್ನು ನಂಬಿರಲಿಲ್ಲ. ಲೆಜೇಜಿಯ ಗವಿಗಳು ಬೆಳಕಿಗೆ ಬಂದ ಮೇಲೆ ಅವಿಶ್ವಾಸಕ್ಕೆ ಎಡೆಯುಳಿಯಲಿಲ್ಲ. ಫೋಂ ದ ಗೋಮಿನಲ್ಲಿ ಮಂಡಿಯೂರಿದ ಒಂದು ಹಿಮಸಾರಂಗದ ಹಣೆಯನ್ನು ಇನ್ನೊಂದು ನೆಕ್ಕುತ್ತಿರುವ ಚಿತ್ರವಿದೆ. ಕಾಡುಕೋಣಗಳ ಭುಜ ತೊಡೆಗಳಿಗೆ ಗೋಡೆಯ ಉಬ್ಬುಗಳನ್ನೇ ಚಿತ್ರಕಾರನು ಉಪಯೋಗಿಸಿಕೊಂಡಿದ್ದಾನೆ. ಆತನಿಗಿದ್ದ ಬೆಳಕು ಕಲ್ಲಿನ ಕುಳಿಯಲ್ಲಿ ಪ್ರಾಣಿಯ ಕೊಬ್ಬಿಟ್ಟು ಉರಿಸಿದ ಸೊಡರು.

ಇನ್ನೂ ಮುಂದೆ ನಡೆದರೆ ಕಾಪ್ ಬ್ಲಾಂ ಎಂಬ ಆಸರೆಯಲ್ಲಿ, ೧೯೦೯ರಲ್ಲಿ ಪತ್ತೆಯಾದ, ಬಂಡೆಯಲ್ಲಿ ಉಬ್ಬಾಗಿ ಕೆತ್ತಿದ ಕುದುರೆಗಳ ಸಾಲು. ಅದಕ್ಕೆ ಇದಿರಾಗಿ ಕಣಿವೆಯ ಆಚೆ ಕೊಮಾರ್ಕ್ ಎಂಬ ಪಾಳುಕೋಟೆ. ಕೋಟೆಯ ಬುಡದ ಗವಿಯಲ್ಲಿ ಹಿಮಯುಗದ ಕುದುರೆ. ಅದರ ಮೇಲೆ ಬಂಡೆಯನ್ನೇ ತೋಡಿದ ಕೊಠಡಿಗಳು. ಅದಕ್ಕೂ ಮೇಲೆ ಮಧ್ಯಯುಗದ ಸರದಾರರ ಗೋಪುರ. ಒಂದೇ ಗುಡ್ಡವು ಯುಗಯುಗಗಳ ಮನುಷ್ಯರಿಗೆ ಆಶ್ರಯವಾದುದನ್ನು ಇಲ್ಲಿ ಕಣ್ಣಾರೆ ಕಾಣಬಹುದು. ವೆಜೆರಿನ ಮೇಲ್ದಂಡೆಯಲ್ಲಿರುವ ಲಾ ರೋಕ್ ಸೇಂ ಕ್ರಿಸ್ತೋಫ್ ಬಂಡೆಯಾದರೋ ಅರ್ಧ ಮೈಲಿಗೂ ಮಿಕ್ಕು ಉದ್ದವಾಗಿದ್ದು, ಅಂತಸ್ತು ಅಂತಸ್ತಾಗಿ ಒಂದು ಊರನ್ನೇ ಹೊತ್ತಿದ್ದಿತು. ಮತಯುದ್ಧಗಳ ಕಾಲದಲ್ಲಿ, ೧೫೮೮ರಲ್ಲಿ, ಆ ನೆಲೆಯನ್ನು ಕೆಡವಿದರು. ತೊಲೆಗಳನ್ನು ಸಿಕ್ಕಿಸಿದ ರಂಧ್ರಗಳು ಮಾತ್ರ ಬಂಡೆಯಲ್ಲಿ ಸಾಲುಸಾಲಾಗಿ ಉಳಿದಿವೆ.

ಇಷ್ಟರವರೆಗೆ ಸಂತೋಷದ ಮಾತಾಯಿತು. ಇನ್ನೊಂದು ಮುಖವನ್ನೂ ಹೇಳಬೇಕು. ಊರಿನಿಂದ ನದಿಯಾಚೆ ಒಂದು ಆಸರೆಯ ಮಾಳಿಗೆಯಲ್ಲಿ ಮೂರಡಿಗೂ ಮಿಕ್ಕು ಉದ್ದದ ಸಾಲ್ಮನ್ ಮೀನಿನ ಉಬ್ಬುಶಿಲ್ಪವಿದೆ. ಅದು ೧೯೧೨ರಲ್ಲಿ ಬೆಳಕಿಗೆ ಬಂದಿತು. ಬಂದೊಡನೆಯೇ ಅದನ್ನು ಕಡಿದು ಪರದೇಶದ ಸಂಗ್ರಹಾಲಯಕ್ಕೆ ಸಾಗಿಸುವ ಯತ್ನ ನಡೆಯಿತು. ಸರ್ಕಾರವು ತಡೆದುದರಿಂದ ಮೀನು ಉಳಿಯಿತು. ಅದರ ಸುತ್ತ ಉಳಿಯಿಂದ ಕಡಿದ ಆಳವಾದ ಗಾಯವೂ ಉಳಿದಿದೆ. ಲ ಮುಸ್ತ್ಯೇ ಎಂಬಲ್ಲಿ ೧೯೦೮ರಲ್ಲಿ ದೊರೆತ ನಿಯಾಂಡರ್ತಲ್ ತರುಣನ ಅಸ್ಥಿಗೆ ಆ ಭಾಗ್ಯವಿಲ್ಲವಾಯಿತು. ಅದು ಬರ್ಲಿನ್ನಿಗೆ ಮಾರಾಟವಾಗಿ, ೧೯೪೫ರ ಬಾಂಬಿನ ಬೆಂಕಿಯಲ್ಲಿ ಬಹಳ ಹಾನಿಗೆ ಒಳಗಾಯಿತು.

ಮಾರುವವನಿಂದ ಬರುವ ಕೇಡು ಇದು. ಪ್ರೀತಿಯಿಂದ ನೋಡಬಂದವನಿಂದಲೂ ಕೇಡುಂಟು. ಲೆಜೇಜಿಯಿಂದ ಸುಮಾರು ೧೫ ಮೈಲಿ ಮೇಲೆ, ಮೊಂತಿನ್ಯಾಕ್ ಪಟ್ಟಣದ ಬಳಿ, ೧೯೪೦ರ ಸೆಪ್ಟೆಂಬರಿನಲ್ಲಿ ನಾಲ್ವರು ಹುಡುಗರು ಲಾಸ್ಕೋ ಗವಿಯನ್ನು ಹೊಕ್ಕರು. ಒಂದು ಗೂಳಿಯ ಚಿತ್ರವೇ ೧೭ ಅಡಿ ಉದ್ದ! ೧೯೪೮ರಲ್ಲಿ ಗವಿಯನ್ನು ಜನರಿಗೆ ತೆರೆದರು. ದಿನಕ್ಕೆ ಸಾವಿರಕ್ಕೂ ಹೆಚ್ಚು ಜನ ನುಗ್ಗತೊಡಗಿದರು. ಅವರು ಯಾರೂ ಚಿತ್ರವನ್ನು ಮುಟ್ಟಬೇಕಾಗಿರಲಿಲ್ಲ. ಅವರ ಉಸಿರಿನ ತೇವವೂ ಅಂಗಾರಾಮ್ಲವೂ ಮೈಯ ಕಾವೂ ದೀಪಗಳ ಬೆಳಕೂ ಸಾಕಾಯಿತು. ಗೋಡೆಯ ಮೇಲೆ ಹಸುರು ಪಾಚಿ ಹಬ್ಬಿತು. ೧೯೬೩ರಲ್ಲಿ ಸಂಸ್ಕೃತಿ ಸಚಿವನಾಗಿದ್ದ ಆಂದ್ರೆ ಮಾಲ್ರೋ ಗವಿಯ ಬಾಗಿಲನ್ನು ಮುಚ್ಚಿಸಿದನು. ಅಂದಿನಿಂದ ಸಾಮಾನ್ಯರಿಗೆ ಅಲ್ಲಿ ಪ್ರವೇಶವಿಲ್ಲ. ೧೯೮೩ರಲ್ಲಿ ಒಂದು ಪ್ರತಿಕೃತಿಯನ್ನೂ, ೨೦೧೬ರಲ್ಲಿ ಇನ್ನೂ ಸಮಗ್ರವಾದ ಮತ್ತೊಂದನ್ನೂ ನಿರ್ಮಿಸಿ ತೋರಿಸುತ್ತಿದ್ದಾರೆ. ಫೋಂ ದ ಗೋಮಿನ ಮೂಲ ಚಿತ್ರಗಳನ್ನು ಇನ್ನೂ ನೋಡಗೊಡುತ್ತಾರೆ. ಆದರೆ ಸಣ್ಣ ಸಣ್ಣ ಗುಂಪುಗಳಲ್ಲಿ, ದಿನಕ್ಕೆ ಇಷ್ಟೇ ಮಂದಿಯೆಂಬ ಮಿತಿಯಲ್ಲಿ.

ನಾವು ಹಣ ಕೊಟ್ಟು, ಕಡಲು ದಾಟಿ ಬಂದೂ, ನಮಗೆ ನಿಜವಾದ ಚಿತ್ರವಿಲ್ಲವೆಂದರೆ ಹೇಗೆಂದು ಕೆಲವರು ಕೇಳುವುದುಂಟು. ನ್ಯಾಯವಾದ ಪ್ರಶ್ನೆಯೇ. ಆದರೆ ನಮ್ಮ ದೇವಾಲಯಗಳಲ್ಲಿ ಮೂಲಮೂರ್ತಿ ಗರ್ಭಗುಡಿಯಲ್ಲಿಯೇ ನಿಂತಿರುತ್ತದೆ. ಬೀದಿಗೆ ಬರುವುದು ಉತ್ಸವಮೂರ್ತಿ. ರಥೋತ್ಸವದಲ್ಲಿ ಕೈಮುಗಿದವನು ತನಗೆ ದರ್ಶನವಾಗಲಿಲ್ಲವೆಂದು ಕೊರಗುವುದಿಲ್ಲ. ಆ ವಿವೇಕವು ನಮಗೆ ಅಪರಿಚಿತವಲ್ಲ. ಬಂಡೆಯ ಚಿತ್ರಗಳಿಗೂ ಅದನ್ನು ಅನ್ವಯಿಸಿಕೊಂಡರೆ ಸಾಕು.

ಇದನ್ನು ನಮ್ಮ ನಾಡಿನಲ್ಲಿ ಹೇಳಲು ಕಾರಣವಿದೆ. ಲಾರ್ತೆಯೂ ಕ್ರಿಸ್ಟಿಯೂ ವೆಜೆರಿನ ದಡದಲ್ಲಿ ಅಗೆಯುತ್ತಿದ್ದ ಅದೇ ೧೮೬೩ರಲ್ಲಿ, ರಾಬರ್ಟ್ ಬ್ರೂಸ್ ಫೂಟನು ಮದರಾಸಿನ ಬಳಿಯ ಪಲ್ಲಾವರದಲ್ಲಿ ಹಳೆಯ ಶಿಲಾಯುಗದ ಆಯುಧವನ್ನು ಕಂಡುಹಿಡಿದನು. ಮುಂದೆ ಅವನು ಬಳ್ಳಾರಿಯ ಸೀಮೆಯಲ್ಲಿಯೂ ತಿರುಗಿ ಪ್ರಾಚೀನರ ನೆಲೆಗಳನ್ನು ಗುರುತಿಸಿದನು. ಅಲ್ಲಿಯ ಸಂಗನಕಲ್ಲು ಕಪ್ಪಗಲ್ಲುಗಳ ಗುಡ್ಡದಲ್ಲಿ ನವಶಿಲಾಯುಗದ ಜನರು ಬಂಡೆಗಳ ಮೇಲೆ ಕುಟ್ಟಿ ಬಿಡಿಸಿದ ಗೂಳಿಗಳಿವೆ. ಆ ಗುಡ್ಡಕ್ಕೆ ಕಲ್ಲುಗಣಿಯವರ ಸುತ್ತಿಗೆಯೂ ತಾಗಿದೆ. ಲೆಜೇಜಿಯ ಮೀನಿನ ಸುತ್ತಲ ಗಾಯಕ್ಕೂ ಇದಕ್ಕೂ ಏನು ಭೇದ?

ಲೆಜೇಜಿಯಲ್ಲಿ ಚಿತ್ರಗಳನ್ನು ಗುರುತಿಸಿ ಕಾಪಾಡಲು ಮೊದಲಾದವನು ಹಳ್ಳಿಯ ಉಪಾಧ್ಯಾಯನೆಂಬುದನ್ನು ಶ್ರೋತೃಗಳು ಮರೆಯಬಾರದು. ಅಂತಹ ಉಪಾಧ್ಯಾಯರು ನಮ್ಮ ಹೋಬಳಿಗಳಲ್ಲಿಯೂ ಇದ್ದಾರೆ. ಫ್ರಾನ್ಸಿಗೆ ಹೋಗುವ ಅನುಕೂಲವುಳ್ಳವರು ವೆಜೆರಿನ ಹಾದಿಯಲ್ಲಿ ಮೂರು ದಿನ ನಡೆದು ಬರಲಿ. ಇಲ್ಲದವರು ಒಂದು ರಜಾದಿನ ಮಕ್ಕಳನ್ನು ಕರೆದುಕೊಂಡು ತಮ್ಮೂರಿನ ಬೆಟ್ಟವನ್ನೇ ಹತ್ತಲಿ. ಬಂಡೆಯ ಮೇಲೆ ಗೆರೆಯೊಂದು ಕಂಡರೆ ಅದನ್ನು ಮುಟ್ಟದೆ, ಅದರ ಪಕ್ಕದಲ್ಲಿ ತಮ್ಮ ಹೆಸರನ್ನು ಕೆತ್ತದೆ, ತಿಳಿದವರಿಗೆ ತಿಳಿಸಲಿ. ಅಷ್ಟಾದರೆ ಈ ಹೊತ್ತಿನ ನಮ್ಮ ಮಾತು ಸಾರ್ಥಕವಾಯಿತೆಂದು ಭಾವಿಸುತ್ತೇವೆ.