ಅಂದಂದಿನ ಮನ್ನ



ಈ ಪೀಠಕ್ಕೆ ನನಗಿಂತ ಯೋಗ್ಯರಾದವರು ಈ ಚಪ್ಪರದೊಳಗೇ ಅನೇಕರಿದ್ದಾರೆಂಬುದನ್ನು ಬಲ್ಲೆನಾದರೂ, ಕೃಪೆಯ ವಿಷಯವಾಗಿ ಮಾತನಾಡಬೇಕಾದವನು ಯೋಗ್ಯತೆಯ ಲೆಕ್ಕವನ್ನು ಹಿಡಿದು ಕೂರುವುದು ಸಲ್ಲದೆಂದು ಭಾವಿಸಿ ನಿಮ್ಮ ಆಹ್ವಾನವನ್ನು ಒಪ್ಪಿಕೊಂಡೆನು. ಒಪ್ಪಿದ ಮೇಲೆ ಮಾಡಿದ ಮೊದಲ ಕೆಲಸವೆಂದರೆ, ಹಳೆಯ ಪ್ರಸಂಗಗಳ ಕಟ್ಟನ್ನು ಬಿಚ್ಚಿ, ಇಪ್ಪತ್ತು ವರ್ಷಗಳ ಹಿಂದೆ ಇದೇ ವಿಷಯವಾಗಿ ಬರೆದಿಟ್ಟಿದ್ದುದನ್ನು ಹುಡುಕಿ ತೆಗೆದುದು. ವಾಕ್ಯಗಳು ಚೆನ್ನಾಗಿಯೇ ಇದ್ದವು. ಆದರೆ ಒಂದಾದರೂ ಈಗಿನ ನನ್ನ ನಾಲಗೆಗೆ ಹತ್ತಲಿಲ್ಲ. ಅಂದಿನ ಅನ್ನ ಇಂದಿಗೆ ತಂಗಳಾಗಿತ್ತು. ಕಟ್ಟನ್ನು ಪುನಃ ಕಟ್ಟಿಟ್ಟು, ಅದು ಏಕೆ ತಂಗಳಾಯಿತೆಂಬುದನ್ನೇ ಇಂದಿನ ಮಾತಿಗೆ ವಿಷಯವಾಗಿ ತೆಗೆದುಕೊಂಡಿದ್ದೇನೆ.

ವಿಮೋಚನಕಾಂಡದ 16ನೆಯ ಅಧ್ಯಾಯ ನಿಮಗೆಲ್ಲ ಬಾಲ್ಯದಿಂದಲೂ ಪರಿಚಿತವಾದುದು. ಐಗುಪ್ತದಿಂದ ಹೊರಟ ಇಸ್ರಾಯೇಲ್ಯರು ಸೀನ್ ಅರಣ್ಯದಲ್ಲಿ ಹಸಿವಿನಿಂದ ಕಂಗೆಟ್ಟು, ದಾಸ್ಯದ ದಿನಗಳ ಮಾಂಸದ ಪಾತ್ರೆಗಳನ್ನೇ ನೆನೆದು ಗುಣುಗುಟ್ಟುತ್ತಿದ್ದಾಗ, ಒಂದು ಮುಂಜಾನೆ ಇಬ್ಬನಿ ಆರಿದ ನೆಲದ ಮೇಲೆ ಕೊತ್ತಂಬರಿ ಬೀಜದಷ್ಟು ಸಣ್ಣದಾದ, ಬೆಳ್ಳಗಿನ ಪದಾರ್ಥವೊಂದು ಹರಡಿತ್ತು. ಇದೇನೆಂದು ಅವರು ಕೇಳಿಕೊಂಡ ಪ್ರಶ್ನೆಯೇ ಅದಕ್ಕೆ ಮನ್ನವೆಂಬ ಹೆಸರಾಯಿತು. ತಲೆಗೆ ಒಂದು ಓಮೆರ್ ಅಳತೆ. ಅತಿಯಾಗಿ ಬಾಚಿಕೊಂಡವನೂ ಅಳೆದು ನೋಡುವಾಗ ನೆರೆಯವನಿಗೆ ಸಮನೇ ಆದನು. ಮೋಶೆಯ ಮಾತನ್ನು ಮೀರಿ ಮರುದಿನಕ್ಕೆಂದು ಬಚ್ಚಿಟ್ಟವರ ಪಾಲಿನಲ್ಲಿ ಹುಳ ಬಿದ್ದು ನಾರಿತು. ಇಲ್ಲೊಂದು ಸೂಕ್ಷ್ಮವಿದೆ. ಕೆಡುವುದು ಆ ಪದಾರ್ಥದ ಸ್ವಭಾವವೇ ಆಗಿದ್ದಲ್ಲಿ, ಸಬ್ಬತ್ತಿಗಾಗಿ ದೇವರ ಅಪ್ಪಣೆಯಂತೆ ಎತ್ತಿಟ್ಟ ಎರಡನೆಯ ಪಾಲೂ ಕೆಡಬೇಕಾಗಿತ್ತು, ಅದು ಕೆಡಲಿಲ್ಲ. ನಾಳೆಯ ಬೆಳಗಿಗೆ ದೇವರು ಇರುವನೋ ಇಲ್ಲವೋ ಎಂಬ ಶಂಕೆಯೇ ಮನ್ನದೊಳಗೆ ಹುಳವಾಗಿ ಹುಟ್ಟಿತೆಂದು ನಾನು ತಿಳಿಯುತ್ತೇನೆ.

ಕೃಪೆಗೆ ಮನುಷ್ಯನ ಪ್ರಯತ್ನ ಬೇಕೆ, ಬೇಡವೆ ಎಂಬ ಜಿಜ್ಞಾಸೆ ಕ್ರೈಸ್ತರಲ್ಲಿ ಅಗಸ್ಟೀನ ಪೆಲಾಗಿಯರ ಕಾಲದಿಂದ ನಡೆದು ಬಂದಿದೆ. ನಮ್ಮ ನಾಡಿನ ಶ್ರೀವೈಷ್ಣವ ಆಚಾರ್ಯರಲ್ಲಿಯೂ ತಾಯಿಯನ್ನು ತಾನೇ ಅಪ್ಪಿ ಹಿಡಿಯುವ ಕೋತಿಮರಿ, ತಾಯಿಯೇ ಕಚ್ಚಿ ಒಯ್ಯುವ ಬೆಕ್ಕಿನಮರಿ ಎಂಬ ಎರಡು ನ್ಯಾಯಗಳಾಗಿ ಬೆಳೆದಿದೆ. ಪಂಡಿತರು ಕ್ಷಮಿಸುವುದಾದರೆ ಹೇಳುತ್ತೇನೆ: ಮನ್ನ ಬೀಳುವುದರಲ್ಲಿ ಮಾರ್ಜಾಲನ್ಯಾಯ, ಬಾಗಿ ಬಾಚಿಕೊಳ್ಳುವುದರಲ್ಲಿ ಮರ್ಕಟನ್ಯಾಯ. ಬಿಸಿಲೇರುವ ತನಕ ಮಲಗಿದ್ದವನ ಪಾಲು ಕರಗಿಹೋಗುತ್ತಿತ್ತು.

ಅದೇ ಅಧ್ಯಾಯದ ಕೊನೆಯಲ್ಲಿರುವ, ನಾವು ಬೇಗನೆ ದಾಟಿಹೋಗುವ ಒಂದು ಸಂಗತಿಯ ಮೇಲೆ ನಿಮ್ಮ ಲಕ್ಷ್ಯವನ್ನು ಸೆಳೆಯಬೇಕಾಗಿದೆ. ಒಂದು ಓಮೆರ್ ಮನ್ನವನ್ನು ಪಾತ್ರೆಯಲ್ಲಿ ತುಂಬಿಸಿ, ಮುಂದಿನ ಸಂತತಿಯವರು ಕಾಣಲೆಂದು ದೇವರ ಸನ್ನಿಧಿಯಲ್ಲಿ ಇಡುವಂತೆ ಆರೋನನಿಗೆ ಹೇಳಲಾಯಿತು. ಅದು ಕಾಣುವುದಕ್ಕೆ ಇಟ್ಟದ್ದು, ಉಣ್ಣುವುದಕ್ಕಲ್ಲ. ನಮ್ಮ ಸಭೆಗಳಲ್ಲಿಯೂ ಇಂಥ ಪಾತ್ರೆಗಳಿವೆ. 1834ರಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಬಾಸೆಲ್ ಮಿಶನಿನ ಮೂವರು ಮಂಗಳೂರಿಗೆ ಬಂದಿಳಿದುದನ್ನೂ, ದೀಕ್ಷಾಸ್ನಾನ ಹೊಂದಿದ ನಮ್ಮ ಹಿರಿಯರು ಮನೆಯನ್ನೂ ಪಾಲನ್ನೂ ಬಂಧುಗಳನ್ನೂ ಕಳೆದುಕೊಂಡುದನ್ನೂ ನಾವು ಆನಂದಬಾಷ್ಪದೊಡನೆ ಸ್ಮರಿಸುತ್ತೇವೆ, ಸ್ಮರಿಸಬೇಕಾದುದೇ. ಆದರೆ ಅಜ್ಜನು ಅರಣ್ಯದಲ್ಲಿ ಬಾಗಿ ಬಾಚಿಕೊಂಡ ಮನ್ನದ ಪಾತ್ರೆಗೆ ಮೊಮ್ಮಗನು ಕೈಹಾಕಿ, ತನ್ನ ಹೊಟ್ಟೆ ತುಂಬಿತೆಂದು ತೇಗುವುದನ್ನು ನಾನು ಅನೇಕ ಸಭೆಗಳಲ್ಲಿ ಕಂಡಿದ್ದೇನೆ. ನಿಜ ಹೇಳುವುದಾದರೆ, ಆ ಮೊಮ್ಮಕ್ಕಳಲ್ಲಿ ನಾನೂ ಒಬ್ಬನು. ಮನೆಯ ಗೋಡೆಯ ಮೇಲೆ ಅಜ್ಜನ ಚಿತ್ರ, ಮೇಜಿನ ಮೇಲೆ ಧೂಳು ಹಿಡಿದ ಸತ್ಯವೇದ.

ಮನ್ನವು ನಾಲ್ವತ್ತು ವರ್ಷ ಬಿದ್ದು, ಒಂದು ದಿನ ನಿಂತಿತು. ಯೆಹೋಶುವನ ಕಾಲದಲ್ಲಿ ಯೊರ್ದನನ್ನು ದಾಟಿ, ಗಿಲ್ಗಾಲಿನಲ್ಲಿ ಪಸ್ಕವನ್ನು ಆಚರಿಸಿ, ಕಾನಾನ್ ದೇಶದ ಧಾನ್ಯವನ್ನು ಉಂಡ ಮರುದಿನವೇ ಅದು ನಿಂತಿತು. ನಿಂತುದು ಮನ್ನವೇ ಹೊರತು ಕೃಪೆಯಲ್ಲ. ಆಕಾಶದಿಂದ ಬೀಳುತ್ತಿದ್ದುದು ಅಂದಿನಿಂದ ನೇಗಿಲಿನ ಸಾಲಿನೊಳಗೆ ಹೊಕ್ಕಿತು. ಜಾತಿಯಿಂದ ಹೊರಗಾಗಿ ಬಂದವರ ಕೈಗೆ ಸತ್ಯವೇದವನ್ನಿತ್ತರೆ ಸಾಲದು, ಕಸುಬನ್ನೂ ಕೊಡಬೇಕೆಂದು ಕಂಡ ಮಿಶನರಿಗಳು ಮಗ್ಗಗಳನ್ನು ಹೂಡಿಸಿ, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದುದು ಈ ಅರ್ಥದಲ್ಲಿಯೇ ಎಂದು ನಾನು ನಂಬುತ್ತೇನೆ. ಅಲ್ಲಿಯ ವೇತನದಲ್ಲಿಯೂ ಶಿಸ್ತಿನಲ್ಲಿಯೂ ಕುಂದುಗಳಿರಲಿಲ್ಲವೆಂದು ನಾನು ಹೇಳಲಾರೆ. ಆದರೂ ಜೇಡಿಮಣ್ಣು ತುಳಿಯುವವನು ಪ್ರಾರ್ಥಿಸುವವನಿಗಿಂತ ದೇವರಿಗೆ ದೂರದವನಲ್ಲವೆಂಬ ಪಾಠವನ್ನು ಕರಾವಳಿಯ ಸಭೆಗಳು ಆ ಅಂಗಳದಲ್ಲಿ ಕಲಿತವು. ಕಾಯಕವನ್ನು ಬಲ್ಲ ಕನ್ನಡಿಗರಿಗೆ ಇದು ಹೊಸ ಮಾತಲ್ಲ.

ಹದಿನೇಳನೆಯ ಶತಮಾನದ ಪ್ಯಾರಿಸ್ ನಗರದ ಕಾರ್ಮೆಲ್ ಮಠದಲ್ಲಿ ಲಾರೆನ್ಸನೆಂಬ ಸಹೋದರನಿದ್ದನು. ಯುದ್ಧದಲ್ಲಿ ಗಾಯಗೊಂಡು ಬಂದ ಸಿಪಾಯಿ. ಚಳಿಗಾಲದಲ್ಲಿ ಎಲೆ ಉದುರಿ ನಿಂತ ಮರವೊಂದನ್ನು ಕಂಡು, ಮುಂದೆ ಅದು ಚಿಗುರುವುದೆಂಬ ಯೋಚನೆಯಿಂದಲೇ ದೇವರ ಕಡೆಗೆ ತಿರುಗಿದವನು. ಮಠದವರು ಅವನಿಗೆ ಅಡಿಗೆಮನೆಯ ಕೆಲಸವನ್ನು ವಹಿಸಿದರು. ಅಡಿಗೆಯ ಕೆಲಸವೆಂದರೆ ಸ್ವಭಾವತಃ ಅವನಿಗೆ ಸೇರುತ್ತಿರಲಿಲ್ಲ. ಸೇರದ ಆ ಕೆಲಸದಲ್ಲಿಯೇ, ಪಾತ್ರೆಗಳ ಸಪ್ಪಳದ ನಡುವೆ, ಗರ್ಭಗುಡಿಯಲ್ಲಿ ಮೊಣಕಾಲೂರಿದಾಗ ದೊರೆಯುವಷ್ಟೇ ಸಮಾಧಾನವನ್ನು ವರ್ಷಾಂತರಗಳ ಕಾಲ ಅವನು ಪಡೆದನು. ಎಡವಿದ ದಿನ ಗೋಳಾಡದೆ, ನೀನು ಕೈಬಿಟ್ಟರೆ ನನ್ನ ಗತಿ ಇಷ್ಟೇ ಎಂದು ದೇವರಿಗೆ ಒಪ್ಪಿಸಿ ಮುಂದಿನ ಕೆಲಸಕ್ಕೆ ಏಳುತ್ತಿದ್ದನಂತೆ. 1691ರಲ್ಲಿ ಅವನು ತೀರಿಕೊಂಡ ಮೇಲೆ ಅವನ ಪತ್ರಗಳನ್ನೂ ಸಂಭಾಷಣೆಗಳನ್ನೂ ಇತರರು ಕೂಡಿಸಿ ಅಚ್ಚುಹಾಕಿಸಿದರು. ನಮ್ಮ ಮನೆಗಳಲ್ಲಿ ನಸುಕಿಗೇ ಎದ್ದು ಒಲೆ ಹೊತ್ತಿಸುವ ತಾಯಂದಿರ ಪ್ರಾರ್ಥನೆಗಳನ್ನು ಯಾರೂ ಅಚ್ಚುಹಾಕಿಸಲಿಲ್ಲ.

ಇನ್ನು ಹೆಚ್ಚು ಹೇಳುವುದಿಲ್ಲ. ಊಟದ ಗಂಟೆಯಾಗುತ್ತಾ ಬಂದಿದೆಯೆಂದು ಕಾರ್ಯದರ್ಶಿಗಳು ಕಣ್ಸನ್ನೆ ಮಾಡುತ್ತಿದ್ದಾರೆ. ಹಿರಿಯರ ಸ್ಮಾರಕದ ಗೊತ್ತುವಳಿ ಮಧ್ಯಾಹ್ನದ ಕಲಾಪದಲ್ಲಿ ಬರಲಿದೆ. ಅದನ್ನು ಸಂತೋಷವಾಗಿ ಅಂಗೀಕರಿಸಿರಿ. ಆದರೆ ನಾಳೆ ಬೆಳಿಗ್ಗೆ ಆರು ಗಂಟೆಗೆ ಇದೇ ಚಪ್ಪರದಲ್ಲಿ ಪ್ರಾರ್ಥನೆಯಿದೆ. ಬಿಸಿಲೇರುವ ಮೊದಲು, ಬರಿಗೈಯಲ್ಲಿ ಬನ್ನಿರಿ.