ಡರ್ಮಾಯ್ಡ್ ಸಿಸ್ಟ್ ಅಂದರೆ ಅಂಡಾಶಯವನ್ನೇ ತೆಗೀಬೇಕಾ?

ನಾನು ಡಾಕ್ಟರ್ ಅಲ್ಲ, ಸಾಫ್ಟ್‌ವೇರ್‌ನವನು. ಅಕ್ಕನ ಸ್ಕ್ಯಾನ್ ರಿಪೋರ್ಟಲ್ಲಿ ‘ಡರ್ಮಾಯ್ಡ್’ ಅಂತ ನೋಡಿ ಮನೇಲಿ ಎಲ್ಲರೂ ಕ್ಯಾನ್ಸರ್ ಅಂತಲೇ ಹೆದರಿದ್ದರು. ಅಂಡಾಶಯದಲ್ಲಿ ನಿಧಾನವಾಗಿ ಬೆಳೆಯುವ ಚೀಲ ಇದು. ಒಳಗೆ ಜಿಡ್ಡು, ಕೂದಲು, ಕೆಲವೊಮ್ಮೆ ಹಲ್ಲು ಕೂಡ! ಕ್ಯಾನ್ಸರ್ ಆಗುವುದು ನೂರಕ್ಕೆ ಒಂದೆರಡು. ಬಹುಪಾಲು ಅಲ್ಟ್ರಾಸೌಂಡಿನಲ್ಲೇ ತಿಳಿಯುತ್ತೆ. ಅನುಮಾನವಿದ್ದರೆ ಎಂಆರ್‌ಐ, ಅದರಲ್ಲಿ ಕೊಬ್ಬು ಸ್ಪಷ್ಟವಾಗಿ ಕಾಣುತ್ತೆ. ಮಾತ್ರೆಗೆ ಕರಗಲ್ಲ. ಚಿಕ್ಕದಾದರೆ ಆಗಾಗ ಸ್ಕ್ಯಾನ್ ಮಾಡಿಸುತ್ತಾ ಕಾಯಬಹುದು. ನಿಜವಾದ ಭಯ ಅಂಡಾಶಯ ತಿರುಚಿಕೊಳ್ಳುವುದು: ದಿಢೀರ್ ಕಿಬ್ಬೊಟ್ಟೆ ನೋವು, ವಾಂತಿ ಬಂದರೆ ಗ್ಯಾಸ್ಟ್ರಿಕ್ ಅಂತ ಮಲಗಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ಲ್ಯಾಪ್ರೋಸ್ಕೋಪಿಯಲ್ಲಿ ಸಿಪ್ಪೆ ಸುಲಿದ ಹಾಗೆ ಚೀಲವನ್ನಷ್ಟೇ ಬಿಡಿಸಿ, ಬ್ಯಾಗಿಗೆ ಹಾಕಿ ಹೊರತೆಗೆಯುತ್ತಾರೆ. ಜಿಡ್ಡು ಹೊಟ್ಟೆಯೊಳಗೆ ಚೆಲ್ಲಿದರೆ ಉರಿಯೂತ ಆಗಬಹುದು. ಮೊದಲೇ ಕೇಳಿ: “ಡಾಕ್ಟ್ರೇ, ಅಂಡಾಶಯ ಉಳಿಸ್ತೀರಾ?” ತೆಗೆದ ಚೀಲದ ಬಯಾಪ್ಸಿ ರಿಪೋರ್ಟನ್ನೂ ಕೇಳಿ ಪಡೆಯಿರಿ.